ವಾರಿಜಕ್ಕನ ಬೇಸ್‌ಬಾಲ್

ಕಳೆದ ವಾರ ಹೆಬ್ಬೆರಳು ನೋವೆಂದು ಪುತ್ತೂರಿಗೆ ಹೋಗಿ ಡಾಕ್ಟರರನ್ನು ಕಂಡೆ. ಬಲಗೈಯ ಹೆಬ್ಬೆರಳು. ಬುಡದಲ್ಲಿ ಒತ್ತಿದರೆ ಮೊಣಕೈಯವರೆಗೆ ಸೆಳೆಯುತ್ತದೆ. ಬೆಳಿಗ್ಗೆ ಹಾಲಿನ ತೊಟ್ಟೆ ಹರಿಯಲಿಕ್ಕೂ ಹಲ್ಲು ಬೇಕಾಗುವ ಪರಿಸ್ಥಿತಿ. ಡಾಕ್ಟರು ಇನ್ನೂ ಸಣ್ಣ ಪ್ರಾಯದವರು, ನನ್ನ ಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಎಂತ ಕೆಲಸ ಮಾಡ್ತೀರಿ ಅಮ್ಮ? ಟೈಲರಿಂಗಾ?"

"ಡಿಟಿಪಿ. ಮದುವೆ ಕಾಗದ, ಬ್ಯಾನರು, ಇಂಥದ್ದೆಲ್ಲ ಟೈಪ್ ಮಾಡಿ ಕೊಡುದು."

"ಟೈಪ್ ಮಾಡಿದ್ರೆ ನೋವು ಇಲ್ಲಿ ಬರುದಿಲ್ಲ. ಬೇರೆ ಎಂತಾದ್ರೂ ಉಂಟಾ?"

ಸುಳ್ಳು ಹೇಳಬಹುದಿತ್ತು. ಬಾವಿಯಿಂದ ನೀರು ಸೇದುವುದು ಅಂದಿದ್ದರೆ ಅವರಿಗೂ ಸಮಾಧಾನ, ನನಗೂ ಮರ್ಯಾದೆ. "ಬೇಸ್‌ಬಾಲ್" ಎಂದೆ.

ಅವರು ಪೆನ್ನು ಕೆಳಗಿಟ್ಟರು. ಐವತ್ತೆಂಟು ವರ್ಷದ, ವಾಯಿಲ್ ಸೀರೆಯ, ಕುಂಬ್ರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಹೆಂಗಸನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಟಿವಿಯಲ್ಲಿ" ಎಂದು ಸೇರಿಸಿದೆ. "ನೋಡುದಾ?" ಎಂದರು. "ಅಲ್ಲ, ಆಡುದು. ಎರಡು ವರ್ಷ ದಿನಾ ಮಧ್ಯಾಹ್ನ ಆಡಿದ್ದೇನೆ." ಪಾಪ, ಅವರು ಒಳ್ಳೆಯವರು. ನಗಲಿಲ್ಲ. ಒಂದು ಮುಲಾಮು ಬರೆದುಕೊಟ್ಟು, ಬೆರಳಿಗೆ ವಿಶ್ರಾಂತಿ ಕೊಡಿ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಸೀಟು ಸಿಕ್ಕಿತು. ಕೂತು ಕಣ್ಣು ಮುಚ್ಚಿದ್ದೇ ತಡ, ವಾರಿಜಕ್ಕ ನೆನಪಾದಳು. ಸುಸ್ತಾದಾಗ ಅವಳೇ ನೆನಪಾಗುವುದು. ಯಾಕೆಂದು ನಿಮಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ವಾರಿಜಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ನಾವು ಮಂಡೆಕೋಲಿನ ಕಡೆಯವರು, ಮನೆಯಲ್ಲಿ ಮಾತಾಡುವುದು ಅರೆಭಾಷೆ. ಇಲ್ಲಿ ನಮ್ಮಿಬ್ಬರ ಮಾತನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅವಳ ಬೈಗುಳಗಳಿಗೆ ಅದರಿಂದ ಸ್ವಲ್ಪ ನಷ್ಟವೇ. ಅವಳು ಕಡಬ ತಾಲೂಕಿನ ಇಚಿಲಂಪಾಡಿಯಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದಳು. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಟೈಮ್ ಔಟ್ ಸಿಗ್ಲಿಲ್ಲ" ಎನ್ನುತ್ತಿದ್ದಳು.

ಕಾಲೇಜಿನಲ್ಲಿ ಅವಳು ಸಾಫ್ಟ್‌ಬಾಲ್ ಆಡಿದವಳು. ಬೇಸ್‌ಬಾಲಿನ ತಂಗಿ ಅಂತ ಇಟ್ಟುಕೊಳ್ಳಿ. ಚೆಂಡು ದೊಡ್ಡದು, ಎಸೆಯುವುದು ಕೆಳಗಿನಿಂದ, ಮೈದಾನ ಸಣ್ಣದು. ಹೆಣ್ಣುಮಕ್ಕಳಿಗೆ ಇದೇ ಸಾಕು ಎಂದು ಯಾರೋ ತೀರ್ಮಾನ ಮಾಡಿದ್ದರು. ಗಂಡು ಹುಡುಗರ ಬೇಸ್‌ಬಾಲ್ ಅಭ್ಯಾಸ ನಡೆಯುವಾಗ ಅವಳು ಬೇಲಿಯ ಹೊರಗೆ ನಿಂತು ನೋಡುತ್ತಿದ್ದಳಂತೆ. ಒಂದು ದಿನ ಅವರ ಕೋಚ್ ಬಳಿ ಹೋಗಿ, ನನಗೊಂದು ಸರ್ತಿ ಹೊಡೀಲಿಕ್ಕೆ ಬಿಡಿ ಎಂದು ಕೇಳಿದಳು. ಅವರು ಬಿಡಲಿಲ್ಲ. ಇಷ್ಟನ್ನು ಅವಳು ನನಗೆ ಒಮ್ಮೆ ಮಾತ್ರ ಹೇಳಿದ್ದು, ಅದೂ ಪಾತ್ರೆ ತೊಳೆಯುತ್ತಾ, ಬೆನ್ನು ಹಾಕಿಕೊಂಡು.

ಟೀಚರಾದ ಮೇಲೆ ಆ ಶಾಲೆಯ ಹುಡುಗಿಯರಿಗೆಲ್ಲ ಸಾಫ್ಟ್‌ಬಾಲ್ ಕಲಿಸಿದಳು. ಊರಿನವರಿಗೆ ಕಬಡ್ಡಿ ಗೊತ್ತು, ವಾಲಿಬಾಲ್ ಗೊತ್ತು, ಕ್ರಿಕೆಟ್ ಹೇಗೂ ಗೊತ್ತು. ಇದು ಎಂತ ಆಟ ಎಂದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹುಡುಗಿಯೊಬ್ಬಳ ತಂದೆ ಮೈದಾನದ ಬದಿಯಲ್ಲಿ ಅರ್ಧ ಗಂಟೆ ನಿಂತು ನೋಡಿ, "ಟೀಚರೇ, ಇವ್ರು ಹೊಡೆದ್ರೂ ಓಡ್ತಾರೆ, ಹೊಡೀದಿದ್ರೂ ಓಡ್ತಾರೆ. ಗೆದ್ದದ್ದು ಯಾರು?" ಎಂದು ಕೇಳಿದ್ದರಂತೆ. ತಾಲೂಕಿನಲ್ಲಿ ಬೇರೆ ಟೀಮೇ ಇಲ್ಲದ ಕಾರಣ ಅವಳ ಹುಡುಗಿಯರು ಕೆಲವು ವರ್ಷ ಆಡದೆಯೇ ಗೆದ್ದು ಮುಂದೆ ಹೋದರು. ಮುಂದೆ ಹೋಗಿ ಚೆನ್ನಾಗಿ ಸೋತು ಬಂದರು. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ನಿವೃತ್ತಿಗೆ ಎರಡು ವರ್ಷ ಇರುವಾಗ ಬಲಗೈ ನಡುಗಲು ಶುರುವಾಯಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು. ವಿಸಿಲನ್ನು ಬಾಯಿಗೆ ಇಡುವಾಗ ಹಲ್ಲಿಗೆ ಟಕಟಕ ಬಡಿಯುತ್ತಿತ್ತಂತೆ. ಪಾರ್ಕಿನ್ಸನ್ ಎಂದರು ಡಾಕ್ಟರು. ನಿವೃತ್ತಿಯಾಗುವ ಹೊತ್ತಿಗೆ ಅಂಗಿಯ ಗುಬ್ಬಿ, ಎಂದರೆ ಬಟನು, ಹಾಕಲಿಕ್ಕೆ ಆಗುತ್ತಿರಲಿಲ್ಲ, ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ನಾನು ಹೋಗಿ ಕರೆದುಕೊಂಡು ಬಂದೆ. ನನ್ನ ಗಂಡ ತೀರಿಕೊಂಡು ಆಗಲೇ ಸುಮಾರು ವರ್ಷವಾಗಿತ್ತು, ಮಕ್ಕಳಿಲ್ಲ. ಕುಂಬ್ರ ಪೇಟೆಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಎದುರಿನ ಕೋಣೆಯಲ್ಲಿ ನನ್ನ ಕಂಪ್ಯೂಟರು, ಪ್ರಿಂಟರು, ಈಗ ಅವಳ ಮಂಚ.

ರೋಗಿಯನ್ನು ನೋಡಿಕೊಳ್ಳುವುದರ ಬಗ್ಗೆ ಜನ ಚಂದ ಚಂದ ಮಾತಾಡುತ್ತಾರೆ. ನಾನು ಆಡಲಾರೆ. ಐದೂವರೆಗೆ ಎದ್ದು ಅವಳನ್ನು ಎಬ್ಬಿಸಬೇಕು, ಬಚ್ಚಲಿಗೆ ನಡೆಸಬೇಕು, ಮೀಯಿಸಬೇಕು, ಮೈ ಒರೆಸಬೇಕು, ಗಂಜಿ ತಿನ್ನಿಸಬೇಕು, ಗಡಿಯಾರ ನೋಡಿ ಮಾತ್ರೆ ಕೊಡಬೇಕು. ನಡುವೆ ಯಾರದೋ ಗೃಹಪ್ರವೇಶದ ಕಾಗದ ಟೈಪ್ ಮಾಡಬೇಕು. ಒಂದು ಸಲ 'ಗೃಹಪ್ರವೇಶ' ಎಂಬಲ್ಲಿ 'ಗ್ರಹಪ್ರವೇಶ' ಎಂದು ಹೊಡೆದು ಇನ್ನೂರು ಪ್ರತಿ ತೆಗೆದೆ. ಕಾಗದ ಒಯ್ಯಲು ಬಂದವರು, "ಅಕ್ಕ, ನಾವು ಆಕಾಶಕ್ಕೆ ಹೋಗುದಿಲ್ಲ" ಎಂದರು. ತಪ್ಪು ತಿದ್ದುವುದೇ ನನ್ನ ಕಸುಬು. ಗಿರಾಕಿಗಳು ತಪ್ಪು ಬರೆದು ತಂದರೆ ಅವರಿಗೆ ಹೇಳದೆ, ಮುಜುಗರ ಮಾಡದೆ, ಸದ್ದಿಲ್ಲದೆ ಸರಿ ಮಾಡಿಕೊಡುತ್ತೇನೆ. ಈ ಅಭ್ಯಾಸದ ಮಾತು ಮುಂದೆ ಬರಲಿಕ್ಕುಂಟು.

ಸಫಿಯಾ ಎಂದು ವಾರಿಜಕ್ಕನ ಹಳೆಯ ಶಿಷ್ಯೆ. ಶಾಲೆಯ ಟೀಮಿನಲ್ಲಿ ಪಿಚರ್ ಆಗಿದ್ದವಳು, ಎಂದರೆ ಚೆಂಡು ಎಸೆಯುವವಳು. ಈಗ ಅವಳೂ ಅವಳ ಗಂಡನೂ ಸೇರಿ ಕುಂಬ್ರ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಟೀಚರು ಇಲ್ಲಿಗೆ ಬಂದಿದ್ದಾರೆಂದು ಗೊತ್ತಾದ ಮೇಲೆ ವಾರಕ್ಕೊಮ್ಮೆ ಬಂದು ಕೂರುತ್ತಿದ್ದಳು. ಒಂದು ದಿನ ಬರುವಾಗ ಚೀಲದಲ್ಲಿ ಕರಿ ಪೆಟ್ಟಿಗೆಯೊಂದನ್ನು ತಂದಳು. ಯಾರೋ ಅಂಗಡಿಗೆ ಕೊಟ್ಟುಹೋದ ಹಳೆಯ ವಿಡಿಯೋ ಗೇಮ್. ಜೊತೆಗೆ ನಾಲ್ಕು ಡಿಸ್ಕ್ ಇತ್ತಂತೆ. ಫುಟ್‌ಬಾಲ್, ಕ್ರಿಕೆಟ್, ಕಾರ್ ರೇಸು ಕೂಡಲೇ ಹೋದವು. ಒಂದು ಉಳಿಯಿತು.

"ಈ ಆಟ ಯಾರಿಗೂ ಬೇಡ ಟೀಚರೇ. ಇಡೀ ಪುತ್ತೂರಲ್ಲಿ ಇದು ಬೇಕಾದವ್ರು ನೀವೊಬ್ರೇ" ಎಂದಳು.

ಟಿವಿಗೆ ವಯರು ಸಿಕ್ಕಿಸಿ, ಎರಡು ರಿಮೋಟಿನಲ್ಲಿ ಒಂದನ್ನು ಅಕ್ಕನ ಕೈಗೆ ಕೊಟ್ಟಳು. ಪರದೆಯ ಮೇಲೆ ದೊಡ್ಡ ಮೈದಾನ, ಹಸಿರು, ಜನರ ಗದ್ದಲ. ಅಕ್ಕ ಪರದೆಯ ಕಡೆಗೆ ಮುಖ ಚಾಚಿ ನೋಡಿದಳು. ಆಮೇಲೆ, "ಇದು ಬೇಸ್‌ಬಾಲ್" ಎಂದಳು. "ಸಾಫ್ಟ್‌ಬಾಲ್ ಅಲ್ಲ."

ಆಟದಲ್ಲಿ ಕಷ್ಟದ ಮಟ್ಟ ಐದು ಇತ್ತು. ಸಫಿಯಾ ತೀರ ಕೆಳಗಿನದನ್ನು ಹಾಕಿದ್ದಳು. ಚೆಂಡು ಬರುವಾಗ ಒಂದು ಗುಬ್ಬಿ ಒತ್ತಿದರೆ ಸಾಕು, ಬ್ಯಾಟು ಬೀಸುತ್ತದೆ. ಅಕ್ಕ ನಡುಗುವ ಹೆಬ್ಬೆರಳಿನಿಂದ ಹೇಗೆಂದರೆ ಹಾಗೆ ಒತ್ತಿದಳು. ಚೆಂಡು ಮೈದಾನದ ಆಚೆ ಹೋಗಿ ಜನರ ನಡುವೆ ಬಿತ್ತು. ಇನ್ನೊಂದು ಒತ್ತಿದಳು, ಅದೂ ಹೋಯಿತು. ಸಫಿಯಾ ಚಪ್ಪಾಳೆ ಹೊಡೆದಳು, ನಾನೂ ಹೊಡೆದೆ. ಐದನೆಯದಕ್ಕೆ ಅಕ್ಕ ರಿಮೋಟನ್ನು ಮಡಿಲಿಗೆ ಹಾಕಿಕೊಂಡಳು.

"ಇದು ಆಟ ಅಲ್ಲ, ಉಪಚಾರ" ಎಂದಳು. "ಒಬ್ಬ ಆಳು ಅಷ್ಟು ದೂರದಿಂದ ಚೆಂಡು ಎಸೆದ್ರೆ ಇಲ್ಲಿಗೆ ಬರ್ಲಿಕ್ಕೆ ಅರ್ಧ ಸೆಕೆಂಡು ಬೇಡ. ಇದು ನೋಡಿದ್ರೆ ಮದುವೆ ಮನೆಗೆ ಬಂದ ಹಾಗೆ ಬರ್ತಾ ಉಂಟು. ಮೇಲೆ ಹಾಕು."

ನಾಲ್ಕನೇ ಮಟ್ಟಕ್ಕೆ ಹಾಕಿಸಿಕೊಂಡಳು. ಅಲ್ಲಿಂದ ಶುರುವಾಯಿತು ನಮ್ಮ ಮಧ್ಯಾಹ್ನದ ಆಟ. ಊಟ, ಮಾತ್ರೆ ಆಗಿ ಎರಡೂವರೆ ಎಂದರೆ ಅವಳ ಕೈ ದಿನದಲ್ಲೇ ಸ್ವಲ್ಪ ಹದಕ್ಕೆ ಬರುವ ಹೊತ್ತು. ನಮ್ಮ ಟೀಮಿನ ಬ್ಯಾಟಿಂಗ್ ಎಲ್ಲ ಅವಳದು. ಎಸೆಯುವುದು, ಹಿಡಿಯುವುದು ನನ್ನದು, ಯಾಕೆಂದರೆ ಅದಕ್ಕೆ ಹತ್ತಾರು ಗುಬ್ಬಿ ಬೇಗಬೇಗ ಒತ್ತಬೇಕು. ಡಾಕ್ಟರು ಕೇಳಿದ ಹೆಬ್ಬೆರಳಿನ ಕಥೆ ಇದು. ನನಗೆ ಆಟದ ಗಂಧಗಾಳಿ ಇರಲಿಲ್ಲ. ಎದುರಿನವರು ನನ್ನನ್ನು ಬಡಿದು ಹಾಕುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು, "ಹೊರಗೆ ಎಸಿ, ಮಾರಾಯ್ತಿ! ನಡುವೆ ಎಸೆದ್ರೆ ಅವ ಬಿಡ್ತಾನಾ?" ಎಂದು ಶಾಲೆಯ ಸ್ವರದಲ್ಲಿ ಕೂಗುತ್ತಿದ್ದಳು. ಆ ಕಾಯಿಲೆಗೆ ಸ್ವರ ತಗ್ಗುತ್ತದೆ. ಅವಳ ಸ್ವರ ಅಷ್ಟು ದೊಡ್ಡದಾಗುತ್ತಿದ್ದದ್ದು ದಿನದಲ್ಲಿ ಆ ಒಂದೂವರೆ ಗಂಟೆ ಮಾತ್ರ.

ಆಟ ನಿಜದ ಹಾಗೆ ಇರಬೇಕು ಎಂಬುದು ಅವಳ ಹಟ. ಸೆಟ್ಟಿಂಗಿನಲ್ಲಿ ಏನೇನುಂಟು ಎಂದು ನನ್ನಿಂದ ಒಂದೊಂದಾಗಿ ಓದಿಸಿದಳು. ಚೆಂಡು ಎಲ್ಲಿ ಬರುತ್ತದೆಂದು ಮೊದಲೇ ತೋರಿಸುವ ಗುರುತು ಇತ್ತು, ತೆಗೆಸಿದಳು. ಎಸೆಯುವವನಿಗೆ ಸುಸ್ತಾಗಬೇಕೋ ಬೇಡವೋ ಎಂದು ಕೇಳಿತು. "ಆಗ್ಬೇಕು." ಅಂಪೈರು ತಪ್ಪು ತೀರ್ಪು ಕೊಡಬಹುದೋ ಎಂದು ಕೇಳಿತು. ನಾನು ಬೇಡ ಎಂದು ಒತ್ತಲು ಹೊರಟೆ.

"ಬೇಕು" ಎಂದಳು ಅಕ್ಕ. "ಅಂಪೈರ್ ಮನುಷ್ಯ ಅಲ್ವಾ?"

ಪರದೆಯ ಮೇಲಿನ ಆಟಗಾರರನ್ನೂ ಬಿಡುತ್ತಿರಲಿಲ್ಲ. ಒಬ್ಬನ ಭುಜ ಹಾಗೆ ತಿರುಗಿದರೆ ನಾಳೆ ಅವನಿಗೆ ಕೈ ಎತ್ತಲಿಕ್ಕಿಲ್ಲ ಎನ್ನುವಳು. ಜಾರಿಬಿದ್ದು ಎದ್ದವನ ಚಡ್ಡಿಗೆ ಮಣ್ಣು ಅಂಟಿದ್ದನ್ನು ನೋಡಿ ಬಹಳ ಖುಷಿಪಟ್ಟಳು.

ಆದರೆ ಅವಳಿಗೆ ಹೊಡೆಯಲಿಕ್ಕೆ ಆಗಲಿಲ್ಲ. ಮೂರು ಸಲ ಬೀಸಿ ತಪ್ಪಿದರೆ, ಇಲ್ಲವೇ ನೆಟ್ಟಗೆ ಬಂದದ್ದನ್ನು ಬೀಸದೆ ಬಿಟ್ಟರೆ, ಔಟು. ಮೂವರು ಔಟಾದರೆ ಸರದಿ ಮುಗಿಯಿತು. ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು. ಕಣ್ಣಿಗೆ ಚೆಂಡು ಸರಿಯಾಗಿಯೇ ಕಾಣುತ್ತಿತ್ತು, ತಲೆಯೂ ಸರಿಯಾಗಿ ಹೇಳುತ್ತಿತ್ತು, ಬೆರಳಿಗೆ ಆ ಸುದ್ದಿ ತಲುಪುವಾಗ ಚೆಂಡು ಹೋಗಿಯಾಗಿರುತ್ತಿತ್ತು. ಕೆಲವೊಮ್ಮೆ ಚೆಂಡು ಬರುವ ಮೊದಲೇ ಬೆರಳು ತನ್ನಷ್ಟಕ್ಕೆ ನಡುಗಿ ಗುಬ್ಬಿ ಒತ್ತಿಬಿಡುತ್ತಿತ್ತು. ಹದಿನೈದು ದಿನ ಹೀಗೆ. ಬೆಳಗ್ಗಿನಿಂದ ಅವಳ ಕೈಯಿಂದ ಚಮಚ ಬೀಳುವುದನ್ನು, ಲೋಟ ಬೀಳುವುದನ್ನು ನೋಡಿ ಸಾಕಾಗಿರುವ ನನಗೆ ಮಧ್ಯಾಹ್ನವೂ ಅದನ್ನೇ ನೋಡುವ ತ್ರಾಣ ಇರಲಿಲ್ಲ.

ಒಂದು ದಿನ ಅವಳು ಊಟ ಮಾಡಿ ಸ್ವಲ್ಪ ಮಲಗಿದ್ದಾಗ ಟಿವಿಯ ಸದ್ದು ನಿಲ್ಲಿಸಿ ಸೆಟ್ಟಿಂಗಿಗೆ ಹೋದೆ. ಮಟ್ಟದ ಹೆಸರನ್ನು ಮುಟ್ಟದೆ, ಒಳಗಿನದನ್ನು ಮಾತ್ರ ಬದಲಿಸುವ ದಾರಿ ಅದರಲ್ಲಿತ್ತು. ಚೆಂಡಿನ ವೇಗಕ್ಕೊಂದು ಗೆರೆ, ಬೀಸುವ ಸಮಯದ ಸಡಿಲಕ್ಕೊಂದು ಗೆರೆ. ವೇಗದ್ದನ್ನು ಎಡಕ್ಕೆ ಸರಿಸಿದೆ, ಸಡಿಲದ್ದನ್ನು ಬಲಕ್ಕೆ. ಮೇಲೆ ನಾಲ್ಕನೇ ಮಟ್ಟ ಎಂದೇ ಉಳಿಯಿತು. ಗಿರಾಕಿಯ ಅಕ್ಷರ ತಪ್ಪನ್ನು ತಿದ್ದಿದಷ್ಟೇ ಸಲೀಸಾಗಿ ಮಾಡಿ ಮುಗಿಸಿದೆ.

ಆವತ್ತು ಅವಳು ಹೊಡೆದಳು. ಮೊದಲ ಹೊಡೆತಕ್ಕೆ ಅವಳಿಗೇ ನಂಬಿಕೆ ಬರಲಿಲ್ಲ. "ಹೋಯಿತಾ?" ಎಂದು ನನ್ನನ್ನು ಕೇಳಿದಳು. ಹೋಗಿತ್ತು. ಆ ವಾರ ದಿನಕ್ಕೆ ನಾಲ್ಕೈದು ಹೊಡೆದಳು. ಊಟ ಜಾಸ್ತಿ ಮಾಡಿದಳು. ಬಚ್ಚಲಿಗೆ ಹೋಗುವಾಗ ಬೇಗಬೇಗ ಹೆಜ್ಜೆ ಹಾಕಿದಳು. ಸಫಿಯಾ ಬಂದಾಗ, "ಸ್ವಲ್ಪ ಪ್ರಾಕ್ಟೀಸ್ ಬೇಕು, ಅಷ್ಟೇ" ಎಂದು ಕೈ ತೋರಿಸಿದಳು. ನನಗೂ ಹಗುರಾಯಿತು. ಅವಳ ಖುಷಿಗೆ ಮಾಡಿದೆ ಎಂದುಕೊಂಡೆ. ನಿಜ ಹೇಳುವುದಾದರೆ ನನಗೂ ಒಂದೂವರೆ ಗಂಟೆ ಏನೂ ತಪ್ಪದೆ ಇರುವುದು ಬೇಕಿತ್ತು.

ಅದೇ ತಿಂಗಳು ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ನರದ ಡಾಕ್ಟರು, ಮೊನ್ನೆ ಬೆರಳು ನೋಡಿದವರಲ್ಲ. ನರ್ಸು ಅಕ್ಕನನ್ನು ಹೊರಗೆ ನಡೆಸುವಾಗ ಅವರು ನನ್ನನ್ನು ನಿಲ್ಲಿಸಿ ಹೇಳಿದರು. ಮಾತ್ರೆ ಮೊದಲಿನಷ್ಟು ಕೆಲಸ ಮಾಡುತ್ತಿಲ್ಲ. ನುಂಗುವುದು ಕಷ್ಟವಾಗುತ್ತಾ ಬರುತ್ತದೆ, ಊಟ ಮೆತ್ತಗೆ ಕೊಡಿ. ಒಂದು ವರ್ಷದಲ್ಲಿ ನಡೆಯುವುದು ನಿಲ್ಲಬಹುದು. ರಿಕ್ಷಾದಲ್ಲಿ ಅಕ್ಕ ಕೇಳಿದಳು, "ಎಂತ ಹೇಳಿದ್ರು?"

"ಎಂತ ಇಲ್ಲ. ಹೀಗೇ ಮುಂದುವರಿಸಿ ಅಂದ್ರು."

ಮನೆಗೆ ಬಂದು ಅನ್ನವನ್ನು ಮೆತ್ತಗೆ ಬೇಯಿಸತೊಡಗಿದೆ. ಅಕ್ಕಿಯೇ ಹಾಗೆ ಉಂಟು ಎಂದೆ.

ನಾಲ್ಕು ದಿನ ಕಳೆದಿರಬಹುದು. ಮಧ್ಯಾಹ್ನ ಆಟ ನಡೆಯುತ್ತಿತ್ತು. ಅಕ್ಕ ಬ್ಯಾಟು ಬೀಸದೆ ಸುಮ್ಮನೆ ಪರದೆ ನೋಡುತ್ತಿದ್ದಳು, ಬಾಯಲ್ಲಿ ಏನೋ ಎಣಿಸುತ್ತಿದ್ದಳು. ಒಂದು ಚೆಂಡು ಹೋಯಿತು, ಎರಡು, ಮೂರು. ಔಟ್. ಇನ್ನೊಬ್ಬ ಬಂದ. ಅವನೂ ಹಾಗೆಯೇ.

"ಯಾಕೆ ಹೊಡೀದಿಲ್ಲ?" ಎಂದೆ.

"ಅಲ್ಲಿ ಬರೆದದ್ದು ಎಷ್ಟು?" ಎಂದಳು. ಪ್ರತಿ ಚೆಂಡಿನ ವೇಗ ಪರದೆಯ ಮೂಲೆಯಲ್ಲಿ ಬೀಳುತ್ತಿತ್ತು. ಮೈಲಿ ಲೆಕ್ಕದಲ್ಲಿ ತೊಂಬತ್ತೆರಡು ಎಂದು ಓದಿದೆ.

"ಮೊನ್ನೆ ಮೊನ್ನೆವರೆಗೂ ತೊಂಬತ್ತೆರಡು ಅಂದ್ರೆ, ನಾನು ಒಂದು ಅಂತ ಬಾಯಿ ತೆರೀವಾಗ ಚೆಂಡು ಹೋಗಿ ಆಗ್ತಿತ್ತು. ಈಗ ಒಂದು ಅಂತ ಪೂರ್ತಿ ಹೇಳಿ ಮುಗಿದ ಮೇಲೆ ಬರ್ತಾ ಉಂಟು. ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಎಸೆದ ಹಾಗೆ."

ನಾನು ಪರದೆಯ ಮೂಲೆಯ ಅಂಕೆಯನ್ನು ಇನ್ನೊಮ್ಮೆ ಓದಿದೆ.

"ಮೂವತ್ತು ವರ್ಷ ಸ್ಟಾಪ್‌ವಾಚ್ ಹಿಡಿದವಳು ನಾನು. ಕೈ ನಡುಗ್ತದೆ, ಲೆಕ್ಕ ನಡುಗುದಿಲ್ಲ. ಇದನ್ನು ಯಾರು ಮಾಡಿದ್ದು?"

"ನಾನೇ."

"ಯಾಕೆ?"

"ನಿನ್ಗೆ ಸ್ವಲ್ಪ ಖುಷಿ ಆಗ್ಲಿ ಅಂತ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ತನ್ನ ಕೈಯನ್ನು ನೋಡಿದಳು. ಆಮೇಲೆ ಕೇಳಿದಳು.

"ಡಾಕ್ಟ್ರು ಎಂತ ಹೇಳಿದ್ರು?"

"ಹೇಳಿದ್ನಲ್ಲ ಅಕ್ಕ..."

"ಅದು ನೀನು ಹೇಳಿದ್ದು. ಅವ್ರು ಹೇಳಿದ್ದು ಎಂತ? ಅಕ್ಕಿಯೇ ಮೆತ್ತಗೆ ಉಂಟು ಅಂತ ನಂಬ್ಲಿಕ್ಕೆ ನಾನೆಂತ ಮಗುವಾ?"

ಹೇಳಿದೆ. ಎಲ್ಲವನ್ನೂ, ಡಾಕ್ಟರು ಹೇಳಿದ ಕ್ರಮದಲ್ಲಿಯೇ. ಪರದೆಯ ಮೇಲೆ ಬ್ಯಾಟು ಹಿಡಿದವನು ಕಾಲು ಕೆರೆಯುತ್ತಾ ನಿಂತಿದ್ದ. ಅವಳು ಅಳಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡಳು. ಪೇಟೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತಾ ಹೋಯಿತು.

"ಒಂದು ವಿಷ್ಯ ತಿಳ್ಕೊ" ಎಂದಳು ಕೊನೆಗೆ. "ನನ್ಗೆ ಹೊಡೀಲಿಕ್ಕೆ ಆಗುದಿಲ್ಲ ಅಂತ ನನ್ಗೆ ಗೊತ್ತುಂಟು. ಅದು ಗೊತ್ತಿದ್ರೂ ನಾನು ಆಡಬಹುದು. ಆದ್ರೆ ನೀನು ಹೀಗೆ ಮಾಡಿದ್ರೆ ಎಲ್ಲಿ ನಾನು ಆಡುದು, ಎಲ್ಲಿ ನೀನು ಆಡಿಸುದು ಅಂತ ನನ್ಗೆ ಗೊತ್ತಾಗುದಿಲ್ಲ. ಹಿಂದೆ ಆ ಕೋಚ್ ನನ್ನನ್ನು ಹೊರಗೆ ನಿಲ್ಲಿಸಿದ. ಈಗ ನೀನೂ ನಿಲ್ಲಿಸ್ಬೇಡ."

ಆ ಮಾತು ನನಗೆ ನಾಟಿತು. ಎರಡು ದಿನ ನಾವು ಆಡಲಿಲ್ಲ, ಬೇಕಾದಷ್ಟೇ ಮಾತು. ಮೂರನೆಯ ದಿನ ಅವಳ ಎದುರೇ ಗೆರೆಗಳನ್ನು ಮೊದಲಿನ ಜಾಗಕ್ಕೆ ತಂದೆ. "ಐದಕ್ಕೆ ಹಾಕು" ಎಂದಳು. ಐದಕ್ಕೆ ಹಾಕಿದೆ.

ಮತ್ತೆ ಒಂದು, ಎರಡು, ಮೂರು. ಮಳೆ ಶುರುವಾಗಿ ಜೋರಾದರೂ ಅವಳು ಒಂದೇ ಒಂದು ಹೊಡೆಯಲಿಲ್ಲ. ನಾನು ನೋಡಿದೆ. ಪಕ್ಕದಲ್ಲಿ ಕೂತು ನೋಡಿದೆ. ಬೇಸರದಿಂದ ಆಕಳಿಸಿದೆ, ಕೆಲವೊಮ್ಮೆ ರಿಮೋಟು ಕೈಯಲ್ಲಿರುವಾಗಲೇ ತೂಕಡಿಸಿದೆ. ಏನೂ ತಿದ್ದಲಿಲ್ಲ. ತಿದ್ದುವುದಕ್ಕಿಂತ ಅದು ಹೆಚ್ಚಿನ ಕೆಲಸ ಎಂದು ಆಗ ಗೊತ್ತಾಯಿತು.

ಆಮೇಲೆ ಒಂದು ದಿನ ಅವಳು ಬೀಸುವುದನ್ನೇ ನಿಲ್ಲಿಸಿದಳು. ರಿಮೋಟನ್ನು ಮಡಿಲಲ್ಲಿಟ್ಟು, ಕೈಯನ್ನು ಅದರಿಂದ ದೂರ ಮಂಚದ ಮೇಲೆ ಒತ್ತಿ ಹಿಡಿದು, ಚೆಂಡುಗಳನ್ನು ನೋಡುತ್ತಾ ಕೂರುತ್ತಿದ್ದಳು. ಸೋತು ಬಿಟ್ಟಳು ಎಂದುಕೊಂಡೆ. ಮಾತ್ರೆ ಬದಲಿಸಿದ ಕಾರಣ ಮಂಕಾಗಿರಬಹುದೋ ಎಂದೂ ಯೋಚಿಸಿದೆ. ಕೇಳಲು ಧೈರ್ಯ ಬರಲಿಲ್ಲ. ದಿನಾ ಔಟ್ ಆಗುತ್ತಿದ್ದಳು, ಆದರೆ ಮೊದಲಿಗಿಂತ ನಿಧಾನವಾಗಿ. ನಡುನಡುವೆ ನಮ್ಮವನೊಬ್ಬ ಬ್ಯಾಟು ಎಸೆದು ಮೊದಲನೇ ಬೇಸಿಗೆ ನಡೆದುಕೊಂಡು ಹೋಗುವುದು ಕಾಣಿಸಿತು. ಹೊಡೆದವನು ಮೈದಾನದ ಮೂರು ಬೇಸು ಸುತ್ತಿ, ಹೊರಟ ಜಾಗಕ್ಕೆ, ಎಂದರೆ ಮನೆಗೆ, ವಾಪಸು ಬಂದರೆ ಒಂದು ಓಟ. ಯಂತ್ರ ಕೆಟ್ಟಿತೋ ಎಂದು ನೋಡಿದೆ.

"ಕೆಟ್ಟದ್ದಲ್ಲ" ಎಂದಳು. "ಚೆಂಡು ಸರಿಯಾದ ಜಾಗದಲ್ಲಿ ಬರ್ಲಿಲ್ಲ, ನಾವು ಬೀಸಲೂ ಇಲ್ಲ ಅಂದ್ರೆ ಅದು ಅವನ ತಪ್ಪು. ನಾಲ್ಕು ತಪ್ಪು ಮಾಡಿದ್ರೆ ನಮ್ಗೆ ಒಂದು ಬೇಸ್ ಪುಕ್ಕಟೆ. ಓಡ್ಲಿಕ್ಕಿಲ್ಲ. ನಡೆದ್ರೆ ಸಾಕು."

"ಹಾಗಾದ್ರೆ ಮೊದ್ಲೇ ಹೀಗೆ ಮಾಡ್ಬಹುದಿತ್ತಲ್ಲ?"

"ಕೆಳಗಿನ ಲೆವೆಲಲ್ಲಿ ಅವ ಎಲ್ಲವನ್ನೂ ನಡುವಿಗೇ ಎಸೀತಾನೆ, ನಮ್ಗೆ ಹೊಡೀಲಿಕ್ಕೆ ಸಿಗ್ಲಿ ಅಂತ. ಮೇಲೆ ಹೋದ ಹಾಗೆ ಮೋಸ ಮಾಡ್ತಾನೆ, ಹೊರಗೆ ಹೊರಗೆ ಎಸೆದು ಆಸೆ ತೋರಿಸ್ತಾನೆ. ಆಸೆ ಪಟ್ಟು ಬೀಸಿದ್ರೆ ಹೋಯ್ತು. ನಾನು ಇಷ್ಟು ದಿನ ಬೀಸಿದೆ. ಇನ್ನು ಬೀಸುದಿಲ್ಲ. ನೋಡುವ, ಅವನಿಗೆ ಎಷ್ಟು ತಾಳ್ಮೆ ಉಂಟು ಅಂತ."

ಅವಳಿಗೆ ಈಗ ಕಣ್ಣು ಮಾತ್ರ ಸಾಕಾಗಿತ್ತು. ಕಣ್ಣು ನಡುಗುತ್ತಿರಲಿಲ್ಲ. ಚೆಂಡು ಅರ್ಧ ದಾರಿಗೆ ಬರುವಾಗಲೇ "ಹೊರಗೆ" ಎಂದೋ "ಒಳಗೆ" ಎಂದೋ ಹೇಳುತ್ತಿದ್ದಳು, ಅಂಪೈರು ಆಮೇಲೆ ಅದನ್ನೇ ಹೇಳುತ್ತಿದ್ದ. ಹೇಳದಿದ್ದರೆ, ತಾನೇ ಕೇಳಿ ಹಾಕಿಸಿಕೊಂಡ ತಪ್ಪಿಗೆ ಅವನನ್ನು ಶುದ್ಧ ಅರೆಭಾಷೆಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

ಸಫಿಯಾ ಬಂದಿದ್ದ ಒಂದು ಶುಕ್ರವಾರ. ನಾನು ಎಂದಿನಂತೆ ಆರು ಓಟ ಬಿಟ್ಟುಕೊಟ್ಟಿದ್ದೆ. ಎದುರಿನ ಪಿಚರಿಗೆ ಸುಸ್ತಾಗತೊಡಗಿತ್ತು, ತೋಳಿನಿಂದ ಹಣೆ ಒರೆಸಿಕೊಳ್ಳುತ್ತಿದ್ದ. ನಮ್ಮ ಮೊದಲನೆಯವನಿಗೆ ನಾಲ್ಕು ತಪ್ಪು ಎಸೆದ, ನಮ್ಮವನು ನಡೆದ. ಎರಡನೆಯವನು ನೋಡುತ್ತಾ ನಿಂತೇ ಔಟಾದ. ಮೂರನೆಯವನು ನಡೆದ. ನಾಲ್ಕನೆಯವನನ್ನು ಅಂಪೈರು ಅನ್ಯಾಯವಾಗಿ ಔಟು ಮಾಡಿದ. ಅಕ್ಕ ಅವನ ಹೆತ್ತವರನ್ನೂ ಸೇರಿಸಿ ಬೈದಳು. ಐದನೆಯವನು ನಡೆದ. ಈಗ ಮೂರು ಬೇಸೂ ಭರ್ತಿ. ಇಬ್ಬರು ಔಟು, ಇನ್ನೊಬ್ಬ ಹೋದರೆ ಮುಗಿಯಿತು. ಇನ್ನೊಬ್ಬ ನಡೆದರೆ ಎಲ್ಲರೂ ಒಂದೊಂದು ಮುಂದೆ ಸರಿದು, ಮುಂದಿನವನು ಮನೆ ಸೇರುತ್ತಾನೆ. ಒಂದು ಓಟ.

ಸಫಿಯಾ ಬಾಯಿಗೆ ಶಾಲು ಒತ್ತಿಕೊಂಡಿದ್ದಳು. ಒಂದು ಚೆಂಡು ಹೊರಗೆ ಹೋಯಿತು. ಇನ್ನೊಂದು ನಡುವೆ ಬಂತು. ಮತ್ತೆರಡು ಹೊರಗೆ. ಆಮೇಲೆ ಮತ್ತೊಂದು ನಡುವೆ. ಮೂರು ತಪ್ಪು, ಎರಡು ಸರಿ. ಇನ್ನು ಬರುವ ಒಂದೇ ಚೆಂಡಿನಲ್ಲಿ ತೀರ್ಮಾನ.

"ಟೀಚರೇ, ಹೊಡೀರಿ" ಎಂದಳು ಸಫಿಯಾ ಪಿಸುಮಾತಿನಲ್ಲಿ. "ಇದು ನಡುವೆಯೇ ಬರ್ತದೆ."

ಅಕ್ಕ ಕೈ ಎತ್ತಲಿಲ್ಲ. ಮಂಚದ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ಚೆಂಡು ಹೊರಟಿತು. ಅರ್ಧ ದಾರಿಯಲ್ಲಿ ಅದು ನೆಟ್ಟಗೆ ನಡುವಿಗೆ ಬರುತ್ತಿರುವ ಹಾಗೆಯೇ ನನಗೆ ಕಂಡಿತು. ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಗುಬ್ಬಿ ಒತ್ತಿತು, ಪುಣ್ಯಕ್ಕೆ ನನ್ನ ರಿಮೋಟಿಗೆ ಆಗ ಕೆಲಸ ಇರಲಿಲ್ಲ.

"ಕೆಳಗೆ" ಎಂದಳು ಅಕ್ಕ.

ಚೆಂಡು ಕೊನೆಯ ಗಳಿಗೆಯಲ್ಲಿ ಬಾಗಿ ಮೊಣಕಾಲಿನ ಕೆಳಗೆ ಇಳಿಯಿತು. ನಮ್ಮವನು ಬ್ಯಾಟನ್ನು ಬದಿಗೆ ಎಸೆದ. ಮೂರನೇ ಬೇಸಿನಲ್ಲಿ ನಿಂತವನು ಸಾವಕಾಶವಾಗಿ, ಸಂತೆಯಿಂದ ಮನೆಗೆ ಹೋಗುವವನ ಹಾಗೆ ನಡೆದು ಬಂದು ಬಿಳಿ ಹಲಗೆಯ ಮೇಲೆ ಕಾಲಿಟ್ಟ. ಸಫಿಯಾ ಕೂಗಿದ್ದಕ್ಕೆ ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಏನಾಯಿತೆಂದು ಅವರಿಗೆ ಹೇಳಿ ಅರ್ಥ ಮಾಡಿಸುವುದು ನಮ್ಮಿಬ್ಬರಿಂದಲೂ ಆಗಲಿಲ್ಲ. ಸಫಿಯಾ ಅಕ್ಕನ ಎರಡೂ ಕೈ ಹಿಡಿದುಕೊಂಡು ನಗುತ್ತಿದ್ದಳು, ನಾಲ್ಕು ಕೈಗಳೂ ಒಟ್ಟಿಗೆ ನಡುಗುತ್ತಿದ್ದವು. ಆರಕ್ಕೆ ಒಂದರಲ್ಲಿ ಸೋತೆವು. ಅಕ್ಕ ಆವತ್ತು ಸಂಜೆ ಚಹಾ ಕುಡಿಯುವಾಗ ಇದ್ದಕ್ಕಿದ್ದ ಹಾಗೆ, "ಒಳ್ಳೆ ಚೆಂಡು ಅದು" ಎಂದಳು. "ಅವನೂ ಒಳ್ಳೆದು ಎಸೆದ."

ಅದರ ನಂತರ ಸುಮಾರು ಒಂದೂವರೆ ವರ್ಷ ಆಡಿದೆವು. ಡಾಕ್ಟರು ಹೇಳಿದ್ದು ಹೇಳಿದ ಕ್ರಮದಲ್ಲಿಯೇ ಬಂತು. ನಡಿಗೆ ನಿಂತಿತು, ನುಂಗುವುದು ಕಷ್ಟವಾಯಿತು. ಪ್ರತಿ ಸಲ ಡಾಕ್ಟರನ್ನು ಕಂಡು ಬಂದಾಗಲೂ ರಿಕ್ಷಾದಲ್ಲಿ ಅವಳು ಕೇಳುವಳು, ನಾನು ಹೇಳುವೆನು. ರಿಕ್ಷಾದವರು ಕನ್ನಡಿಯಲ್ಲಿ ನಮ್ಮನ್ನು ನೋಡಿ ಮುಖ ತಿರುಗಿಸುತ್ತಿದ್ದರು. ಹೇಳಿ ಮುಗಿದ ಮೇಲೆ ಇಬ್ಬರಿಗೂ ಒಂದು ಬಗೆಯ ನಿರಾಳ. ಇನ್ನು ಇದರ ಬಗ್ಗೆ ಒಬ್ಬರೇ ಯೋಚಿಸಬೇಕಾಗಿರಲಿಲ್ಲ. ಕೊನೆಯ ತಿಂಗಳುಗಳಲ್ಲಿ ರಿಮೋಟು ಅವಳ ಮಡಿಲಲ್ಲಿ ಸುಮ್ಮನೆ ಇರುತ್ತಿತ್ತು. ಅವಳು ಕಣ್ಣು ಮುಚ್ಚಿ ತೆರೆದು ಒಳಗೆ ಹೊರಗೆ ಹೇಳುತ್ತಿದ್ದಳು. ಕಳೆದ ಮಾಘದಲ್ಲಿ, ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ, ನಾನು ಗಂಜಿಯ ತಿಳಿ ಆರಿಸುತ್ತಿರುವಾಗ ತೀರಿಕೊಂಡಳು. ನನ್ನನ್ನು ಕರೆಯಲಿಲ್ಲ.

ಅವಳ ಉತ್ತರಕ್ರಿಯೆಯ ಕಾಗದವನ್ನು ನಾನೇ ಟೈಪ್ ಮಾಡಿದೆ. ಇಂಥ ಕಾಗದಗಳಿಗೆ ನನ್ನ ಕಂಪ್ಯೂಟರಿನಲ್ಲಿ ಒಂದು ಮಾದರಿ ಉಂಟು, ಹೆಸರು ಮತ್ತು ತಾರೀಕು ಬದಲಿಸಿದರೆ ಆಯಿತು. 'ಅಲ್ಪಕಾಲದ ಅಸೌಖ್ಯದಿಂದ' ಎಂದು ಅದರಲ್ಲಿ ಇರುತ್ತದೆ. ಎಷ್ಟೋ ಮನೆಗಳ ಎಷ್ಟೋ ವರ್ಷಗಳ ಕಾಯಿಲೆಯನ್ನು ನಾನು ಅಲ್ಪಕಾಲ ಮಾಡಿ ಕೊಟ್ಟಿದ್ದೇನೆ. ಆವತ್ತು ಆ ಶಬ್ದವನ್ನು ಅಳಿಸಿ 'ಏಳು ವರ್ಷಗಳ ಅಸೌಖ್ಯದಿಂದ' ಎಂದು ಹೊಡೆದೆ. ನೆಂಟರೊಬ್ಬರು ಓದಿ, "ಇದನ್ನೆಲ್ಲ ಹಾಕ್ಲಿಕ್ಕುಂಟಾ?" ಎಂದರು. ಉಂಟು ಎಂದೆ.

ಪೆಟ್ಟಿಗೆಯನ್ನು ವಾಪಸು ಒಯ್ಯಲು ಸಫಿಯಾಳಿಗೆ ಹೇಳಿದ್ದೆ. ಅವಳು ಒಯ್ಯಲಿಲ್ಲ, ನಾನೂ ಮತ್ತೆ ಹೇಳಲಿಲ್ಲ. ಈಗ ವಾರದಲ್ಲಿ ಒಂದೆರಡು ಮಧ್ಯಾಹ್ನ ನಾನೇ ಆಡುತ್ತೇನೆ, ಬ್ಯಾಟಿಂಗೂ ನಾನೇ. ಮಟ್ಟ ಐದರಲ್ಲಿಯೇ ಉಂಟು, ಸೆಟ್ಟಿಂಗಿನ ಕಡೆ ಹೋಗಿಲ್ಲ. ನನಗೆ ಅಕ್ಕನ ಕಣ್ಣಿಲ್ಲ, ಹೊರಗಿನ ಚೆಂಡಿಗೆಲ್ಲ ಬೀಸುತ್ತೇನೆ.

ಇವತ್ತು ಮುಲಾಮು ಹಚ್ಚಿಕೊಂಡೇ ಆಡಿದೆ. ಡಾಕ್ಟರಿಗೆ ಹೇಳಬೇಡಿ. ಒಂಬತ್ತಕ್ಕೆ ಸೊನ್ನೆಯಲ್ಲಿ ಸೋತೆ. ಟಿವಿ ಆರಿಸಿ, ಒಂದು ಐದು ನಿಮಿಷ ಬೆನ್ನು ಚಾಚುವ ಎಂದು ಅವಳ ಮಂಚದಲ್ಲಿ ಮಲಗಿದೆ. ಎಷ್ಟೋ ವರ್ಷಗಳಿಂದ ಹಗಲು ನಾನು ಮಲಗಿದವಳಲ್ಲ. ಅರ್ಧ ನಿದ್ದೆಯಲ್ಲಿಯೂ ಒಂದು ಕಿವಿ ಈ ಮಂಚದ ಕಡೆಗೇ ಇರುತ್ತಿತ್ತು.

ಎಚ್ಚರವಾದಾಗ ಐದು ಗಂಟೆ ದಾಟಿತ್ತು. ಗಡಬಡಿಸಿ ಎದ್ದು ಕೂತೆ. ಪೇಟೆಯಲ್ಲಿ ಶಾಲೆಯ ಮಕ್ಕಳು ಬಸ್ಸಿಗೆ ಕಾಯುವ ಸದ್ದು ಕೇಳುತ್ತಿತ್ತು. ಯಾರೂ ನನ್ನನ್ನು ಕರೆದಿರಲಿಲ್ಲ.